ಒಂದೂವರೆ ವರ್ಷದ ಬುತ್ತಿ

ಹೊಸದುರ್ಗ
11 ಜುಲೈ 2022

ಪ್ರೀತಿಯ ಅಮ್ಮಿ,

ಅಸ್ಸಲಾಮು ಅಲೈಕುಮ್. ನಾನು ಅರ್ಫಾ, ನಿಮ್ಮ ಸೊಸೆ. ಮದುವೆಯಾಗಿ ಇನ್ನೂ ತಿಂಗಳು ತುಂಬದ, ಕೈಯ ಮೆಹಂದಿ ಉಗುರಿನಲ್ಲಿ ಮಾತ್ರ ಉಳಿದಿರುವ ಹೊಚ್ಚಹೊಸ ಸೊಸೆ. ನಿಮಗೆ ಫೋನ್ ಮಾಡೋಣ ಎಂದರೆ ಉಮರ್ "ಅಮ್ಮಿ ಫೋನ್ ಎತ್ತಲ್ಲ, ಬಿಡು" ಎನ್ನುತ್ತಾರೆ. ಬಿಡು ಎಂದ ಕೂಡಲೇ ಬಿಡುವವಳಲ್ಲ ನಾನು, ಇದು ನಿಮಗೆ ಈಗಲೇ ಗೊತ್ತಿರಲಿ. ಹಾಗಾಗಿ ಕಾಗದ. ನನಗೆ ಉರ್ದು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ನಿಮಗೆ ಕಷ್ಟ. ಇಬ್ಬರಿಗೂ ಉಳಿದದ್ದು ಕನ್ನಡ. ಹೊಳಲ್ಕೆರೆಯ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಕನ್ನಡ ಮಿಸ್ ನನ್ನನ್ನು ಎಷ್ಟು ಬೈದಿದ್ದಾರೋ, ಇಂದು ಅವರ ಶ್ರಮ ಸಾರ್ಥಕವಾಗುತ್ತಿದೆ.

ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ? ನಿಮ್ಮ ಮಗ ತುಂಬ ಒಳ್ಳೆಯವರು. ಗಾದಿ ಅಂಗಡಿಯಿಂದ ಮನೆಗೆ ಬಂದಾಗ ಹುಬ್ಬಿನ ಮೇಲೆ, ಮೀಸೆಯ ಮೇಲೆ ಹತ್ತಿ ಕೂತಿರುತ್ತದೆ. ಮುದುಕರಾದ ಮೇಲೆ ಹೇಗೆ ಕಾಣುತ್ತಾರೆ ಎಂದು ನಾನು ದಿನಾ ಸಂಜೆ ನೋಡಿಬಿಡುತ್ತೇನೆ. ಮಾತು ಮಾತ್ರ ಕಡಿಮೆ. ನಾನು ಒಂದು ಸಿನಿಮಾ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದರೆ "ಹೂಂ" ಎನ್ನುತ್ತಾರೆ. ಅವರನ್ನು ಸಾಕಿ ಬೆಳೆಸಿದ ದೊಡ್ಡಪ್ಪ ಬುಡನ್ ಸಾಬ್, ನಾವೆಲ್ಲ ಬಡೇ ಅಬ್ಬಾ ಎನ್ನುವವರು, ಅವರೂ ಹಾಗೇ. ಅವರ ಹೆಂಡತಿ ಬಡೀ ಅಮ್ಮಿ ಒಬ್ಬರೇ ಮಾತಿನವರು. ನಾನು ಬೆಳಿಗ್ಗೆ ಏಳುವುದು ಸ್ವಲ್ಪ ತಡ. ಮೊನ್ನೆ ಉಮರ್‌ಗೆ ಹೇಳುತ್ತಿದ್ದರು: "ಲೇ ಉಮರ್, ನಿನ್ ಹೆಂಡ್ತಿ ಮಲಗೋ ಚಂದ ನೋಡಿದ್ರೆ ಅಂಗಡಿ ಮುಂದೆ ಗಾದಿ ಹಾಕ್ಸಿ ಮಲಗ್ಸಪ್ಪ, ವ್ಯಾಪಾರ ಆದ್ರೂ ಆಗ್ತೈತೆ." ನನಗೂ ನಗು ಬಂತು.

ಮಧ್ಯಾಹ್ನ ಎಲ್ಲರೂ ಮಲಗುತ್ತಾರೆ. ಆಗ ಮನೆ ತುಂಬ ದೊಡ್ಡದೆನಿಸುತ್ತದೆ. ಈ ಕಾಗದ ಬರೆಯುತ್ತಿರುವುದೂ ಆ ಹೊತ್ತಿನಲ್ಲೇ.

ನಿನ್ನೆ ಬಕ್ರೀದ್. ಉಮರ್ ನಮಾಜು ಮುಗಿಸಿ ನಿಮ್ಮನ್ನು ನೋಡಲು ಮಾರಿಕಣಿವೆಗೆ ಬಂದಿದ್ದರಲ್ಲ, ಊಟದ ಹೊತ್ತಿಗೆ ವಾಪಸ್ಸಾಗಿದ್ದರು. ಏನು ತಿಂದಿರಿ ಎಂದರೆ "ಬಾಗಿಲಲ್ಲೇ ಮಾತಾಡಿ ಬಂದೆ" ಎಂದರು. ನೀವು ಮದುವೆಯಲ್ಲೂ ಹಾಗೇ. ಹಿಂದಿನ ಸಾಲಿನಿಂದ ಎದ್ದು ಬಂದು, ನನ್ನ ಮಡಿಲಿಗೆ ಬಳೆಯ ಡಬ್ಬಿ ಇಟ್ಟು, ಊಟಕ್ಕೂ ನಿಲ್ಲದೆ ಹೋದಿರಿ. ನೀವು ಯಾಕೆ ಬೇರೆ ಇದ್ದೀರಿ ಎಂದು ಕೇಳಿದರೆ ಮನೆಯಲ್ಲಿ ಎಲ್ಲರೂ "ಮೊದಲಿಂದ ಹಂಗೇ" ಎನ್ನುತ್ತಾರೆ. ಅಷ್ಟು ದೂರ ಇದ್ದರೆ ಅತ್ತೆ ಸೊಸೆ ಜಗಳವಾಡುವುದು ಹೇಗೆ? ಇಲ್ಲಿಗೇ ಬಂದುಬಿಡಿ ಅಮ್ಮಿ.

ನಿಮ್ಮ
ಅರ್ಫಾ


ಮಾರಿಕಣಿವೆ
2 ಆಗಸ್ಟ್ 2022

ಅರ್ಫಾಗೆ ದಿಲ್ಶಾದ್ ಬೇಗಂ ಮಾಡುವ ದುವಾ.

ನಿನ್ನ ಕಾಗದ ಬಂದು ಸೇರಿತು. ನಾನು ಆರೋಗ್ಯವಾಗಿದ್ದೇನೆ. ಬ್ಲೌಸು, ಸ್ಕೂಲಿನ ಯೂನಿಫಾರ್ಮು ಹೊಲಿಯುತ್ತೇನೆ. ಕೆಲಸ ಇರುತ್ತದೆ. ಉಮರ್ ಒಂದು ಫೋನ್ ತಂದುಕೊಟ್ಟಿದ್ದಾನೆ, ಡಬ್ಬಿಯಲ್ಲೇ ಇದೆ. ನನಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ. ಕಾಗದ ಬರೆದರೆ ಓದುತ್ತೇನೆ.

ಅಲ್ಲಿಗೆ ಬರಲು ಆಗುವುದಿಲ್ಲ. ನಾನು ಎರಡು ದಿನ ಇಲ್ಲವೆಂದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ.

ಉಮರ್ ನಿದ್ದೆಯಲ್ಲಿ ತಲೆ ಬೆವರುತ್ತದೆಯೇ? ದಿಂಬಿನ ಮೇಲೆ ತೆಳ್ಳನೆಯ ಬಟ್ಟೆ ಹಾಕು. ಗುಡುಗಿಗೆ ಹೆದರುತ್ತಿದ್ದ, ಆಗ ಕಿವಿ ಮುಚ್ಚಿ ಹಿಡಿಯಬೇಕು. ಬಾಳೆಹಣ್ಣು ತಿಂದರೆ ಕೆಮ್ಮುತ್ತಿದ್ದ, ಕೊಡಬೇಡ. ಬುಡನ್ ಅಣ್ಣನವರಿಗೂ ಭಾಭಿಗೂ ಸಲಾಂ ಹೇಳು.

ದಿಲ್ಶಾದ್ ಬೇಗಂ


ಹೊಸದುರ್ಗ
12 ಸೆಪ್ಟೆಂಬರ್ 2022

ಪ್ರೀತಿಯ ಅಮ್ಮಿ,

ನೀವು ಬರೆದದ್ದು ಓದಿ ನಾನು ಬಿದ್ದು ಬಿದ್ದು ನಕ್ಕೆ. ಸೊಸೆಗೆ ಬರೆದಿರೋ ಆಯಾಗೆ ಬರೆದಿರೋ? ನಿಮ್ಮ ಮಗ ಗುಡುಗಿಗೆ ಹೆದರುವುದಿಲ್ಲ, ನಾನು ಹೆದರುತ್ತೇನೆ. ಬಾಳೆಹಣ್ಣನ್ನು ಊಟವಾದ ಮೇಲೆ ಸಿಪ್ಪೆ ಸುಲಿದು ಎರಡೇ ತುತ್ತಿಗೆ ಮುಗಿಸುತ್ತಾರೆ, ಕೆಮ್ಮುವುದಿಲ್ಲ. ತಲೆ ಬೆವರುವುದು ಮಾತ್ರ ನಿಜ. ಅದು ನಿಮಗೆ ಹೇಗೆ ಗೊತ್ತು ಎಂದುಕೊಂಡೆ, ಆಮೇಲೆ ನನ್ನ ತಲೆಗೆ ನಾನೇ ಹೊಡೆದುಕೊಂಡೆ. ತಾಯಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ?

ಈಗ ಬೈಸಿಕೊಳ್ಳುವ ವಿಷಯ. ಮಾರಿಕಣಿವೆ ಡ್ಯಾಮ್ ಕೋಡಿ ಬಿದ್ದಿದೆ, ನಮ್ಮ ಅಜ್ಜಿಯರೂ ಇದನ್ನು ನೋಡಿಲ್ಲ ಎಂದು ಊರಿಗೆ ಊರೇ ಹೋಗುತ್ತಿತ್ತಲ್ಲ, ನಿನ್ನೆ ಭಾನುವಾರ ನಾವೂ ಬೈಕಿನಲ್ಲಿ ಬಂದಿದ್ದೆವು. ಆ ನೀರು, ಆ ಸದ್ದು, ಆ ಜನ! ಬಜ್ಜಿ ತಿಂದೆವು, ಹುರಿದ ಮೀನು ತಿಂದೆವು, ಫೋಟೋ ತೆಗೆದೆವು. ನಾನು ಉಮರ್ ತೋಳು ಹಿಡಿದು "ಅಮ್ಮಿ ಮನೆ ಇಲ್ಲೇ ಅಲ್ವಾ, ಹೋಗಾಣ ನಡೀರಿ" ಎಂದೆ.

"ಜನ ಹೆಂಗೈತೆ ನೋಡು, ಬೈಕ್ ತಿರುಗ್ಸಾಕೂ ಜಾಗ ಇಲ್ಲ" ಎಂದರು.

"ನಡ್ಕೊಂಡು ಹೋಗಾಣ."

"ಈದ್ ದಿನ ಹೋಗ್ತೀನಲ್ಲ" ಎಂದು ಬೈಕ್ ಸ್ಟಾರ್ಟ್ ಮಾಡಿದರು.

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ, ಅವರು ಯಾವಾಗಲೂ ಸುಮ್ಮನಿರುವವರಾದ್ದರಿಂದ ತಿಳಿಯಲಿಲ್ಲ. ಸಾರಿ ಅಮ್ಮಿ. ಕೋಪ ಮಾಡಿಕೊಳ್ಳಬೇಡಿ.

ನಿಮ್ಮ
ಅರ್ಫಾ


ಮಾರಿಕಣಿವೆ
25 ಸೆಪ್ಟೆಂಬರ್ 2022

ಅರ್ಫಾಗೆ ದುವಾ.

ನೀವು ಬಂದ ದಿನ ನಾನು ಮನೆಯಲ್ಲಿ ಇರಲಿಲ್ಲ. ಹಾಗಾಗಿ ಬರದೇ ಹೋದದ್ದೇ ಒಳ್ಳೆಯದಾಯಿತು, ಬಂದಿದ್ದರೆ ಬೀಗ ನೋಡಿಕೊಂಡು ಹೋಗಬೇಕಾಗುತ್ತಿತ್ತು. ಇದರಲ್ಲಿ ಕೋಪ ಏನಿದೆ?

ಅಂದು ಮೀನು ಹೆಚ್ಚು ಹುರಿದುಬಿಟ್ಟಿದ್ದೆ. ಪಕ್ಕದ ಮನೆಯ ಜಯಕ್ಕನಿಗೆ ಕೊಟ್ಟೆ. ಅವಳು ಮೇಕೆ ಸಾಕಿಕೊಂಡಿದ್ದಾಳೆ, ಒಳ್ಳೆಯವಳು.

ಬೈಕಿನಲ್ಲಿ ಕೂರುವಾಗ ದುಪಟ್ಟಾವನ್ನು ಸುತ್ತಿಕೊಂಡು ಕೂತುಕೋ. ಆ ಹಸಿರು ದುಪಟ್ಟಾ ಉದ್ದ ಇದೆ, ಚಕ್ರಕ್ಕೆ ಸಿಗುತ್ತದೆ.

ದಿಲ್ಶಾದ್ ಬೇಗಂ


ಹೊಸದುರ್ಗ
14 ಡಿಸೆಂಬರ್ 2022

ನನ್ನ ಮುದ್ದಿನ ಅಮ್ಮಿ,

ಮೊದಲು ಕೂತುಕೊಳ್ಳಿ. ಹೊಲಿಗೆ ಮೆಷಿನ್ ನಿಲ್ಲಿಸಿ. ಕೂತಿದ್ದೀರಾ? ನೀವು ದಾದಿ ಆಗುತ್ತಿದ್ದೀರಿ, ಅಜ್ಜಿ!

ಜುಲೈನಲ್ಲಿ ಅಂತೆ. ನನಗೆ ವಾಂತಿ, ತಲೆಸುತ್ತು, ಬಿಸಿ ಅನ್ನದ ವಾಸನೆ ಕಂಡರೆ ಆಗುವುದಿಲ್ಲ, ಆದರೂ ಹಾಡಿಕೊಂಡು ತಿರುಗುತ್ತಿದ್ದೇನೆ. ಉಮರ್‌ಗೆ ಹೇಳಿದಾಗ ಅವರು ಹತ್ತಿ ತುಂಬುತ್ತಿದ್ದ ದಿಂಬನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು. ಆಮೇಲೆ "ಹೂಂ" ಎಂದರು. ಆದರೆ ಆ ದಿನ ಅಂಗಡಿಯಿಂದ ನಾಲ್ಕು ಸಲ ಮನೆಗೆ ಬಂದು ಹೋದರು. ಏನನ್ನೋ ಮರೆತವರ ಹಾಗೆ.

ಈಗ ನನ್ನ ಒಂದೇ ಆಸೆ. ಮಗು ಹುಟ್ಟಿದ ಕೂಡಲೇ ಹಿರಿಯರೊಬ್ಬರು ಖರ್ಜೂರ ಅಗಿದು, ಬೆರಳಿನಿಂದ ಮಗುವಿನ ಬಾಯಿಗೆ ಸವರುತ್ತಾರಲ್ಲ, ತಹನೀಕ್, ಅದನ್ನು ನೀವು ಮಾಡಬೇಕು. ಯಾರು ಅಗಿದು ಕೊಡುತ್ತಾರೋ ಮಗುವಿಗೆ ಅವರ ಗುಣ ಬರುತ್ತದಂತೆ. ಬಡೀ ಅಮ್ಮಿ "ನಿನ್ ಗಂಡಂಗೆ ಯಾರು ಕೊಟ್ರೋ ಏನೋ, ಮೂರು ಮಾತಾಡಿದ್ರೆ ಬಾಯಿ ನೋಯ್ತೈತೆ" ಎಂದರು. ನನಗೆ ನನ್ನ ಮಗು ನಿಮ್ಮ ಹಾಗೆ ಇರಬೇಕು. ನನ್ನ ಹಾಗೆ ಬಾಯಿಬಡುಕಿಯೂ ಬೇಡ, ಉಮರ್ ಹಾಗೆ ಮೂಗನೂ ಬೇಡ. ಬೀದಿಯ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದೇನೆ, ನಮ್ಮ ಅತ್ತೆ ಬಂದು ತಹನೀಕ್ ಮಾಡುತ್ತಾರೆ ಎಂದು. ಉಮರ್ ಕೇಳಿಸಿಕೊಂಡು ಎದ್ದು ಹೊರಗೆ ಹೋದರು. ಬೇಡ ಎನ್ನಲಿಲ್ಲ.

ಒಳ್ಳೆಯ ಖರ್ಜೂರ ನಾನು ತರಿಸಿಡುತ್ತೇನೆ. ನೀವು ಬಂದರೆ ಸಾಕು.

ನಿಮ್ಮ
ಅರ್ಫಾ


ಮಾರಿಕಣಿವೆ
2 ಜನವರಿ 2023

ಅರ್ಫಾಗೆ ದುವಾ.

ಅಲ್ಲಾಹ್ ನಿನ್ನನ್ನೂ ಮಗುವನ್ನೂ ಕಾಯಲಿ. ಭಾರ ಎತ್ತಬೇಡ. ಮೆಟ್ಟಿಲು ನೋಡಿಕೊಂಡು ಇಳಿ.

ತಹನೀಕ್ ನನ್ನಿಂದ ಬೇಡ. ಅಣ್ಣನವರಿಂದ ಮಾಡಿಸು. ಯಾಕೆ ಎಂದು ಕೇಳಬೇಡ.

ದಿಲ್ಶಾದ್ ಬೇಗಂ


ಹೊಸದುರ್ಗ
20 ಜನವರಿ 2023

ಅಮ್ಮಿ,

ನಿಮ್ಮ ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆ ಇನ್ನೇನಾದರೂ ಬರೆದಿರಬಹುದು ಎಂದು. ಏನೂ ಇರಲಿಲ್ಲ.

ನಾನು ನಿಮಗೆ ಇಷ್ಟವಾಗಲಿಲ್ಲ ಎಂದು ನೇರವಾಗಿ ಹೇಳಬಹುದಿತ್ತು. ಹೆಚ್ಚು ಮಾತಾಡುತ್ತೇನೆ, ತಡವಾಗಿ ಏಳುತ್ತೇನೆ, ಇಂಗ್ಲಿಷ್ ಓದಿದ ಸೊಕ್ಕು ಎಂದು ಇಲ್ಲಿಯೂ ಹೇಳುವವರಿದ್ದಾರೆ. ಆದರೆ ಮಗು ನಿಮಗೆ ಏನು ಮಾಡಿದೆ? ಬಡೀ ಅಮ್ಮಿಗೆ ನೀವು ಒಪ್ಪಲಿಲ್ಲ ಎಂದಾಗ ಅವರು ನಗಲಿಲ್ಲ, ತಮಾಷೆ ಮಾಡಲಿಲ್ಲ. ಒಲೆಯ ಕಡೆ ತಿರುಗಿಕೊಂಡು "ಬ್ಯಾಡ ಅಂದ್ರೆ ಬಿಟ್ಬಿಡು" ಎಂದರು. ಅವರ ಸಮಾಧಾನ ನನಗೆ ಇನ್ನೂ ಹೆಚ್ಚು ಅವಮಾನವೆನಿಸಿತು.

ಇನ್ನೊಂದು ಮಾತು. ಡ್ಯಾಮಿಗೆ ಬಂದಾಗ ನಾನು ಹಸಿರು ದುಪಟ್ಟಾ ಹಾಕಿದ್ದೆ ಎಂದು ನಿಮಗೆ ಬರೆದಿರಲಿಲ್ಲ. ಇದು ಮೊನ್ನೆ ಹಳೆಯ ಕಾಗದ ಓದುವಾಗ ಹೊಳೆಯಿತು. ನೀವು ನಮ್ಮನ್ನು ನೋಡಿದ್ದೀರಿ. ನೋಡಿ, ಕರೆಯದೆ ನಿಂತಿದ್ದಿರಿ. ನಿಮ್ಮ ಮಗ ಯಾಕೆ ಬಾಗಿಲಲ್ಲೇ ಮಾತಾಡಿ ಬರುತ್ತಾರೆ ಎಂದು ನನಗೆ ಈಗ ಅರ್ಥವಾಗುತ್ತಿದೆ.

ನನಗೆ ಕಾರಣ ಬೇಕು. ಬರುವ ತಿಂಗಳು ಒಂದು ಭಾನುವಾರ ನಾನೇ ಬಸ್ಸು ಹತ್ತಿ ಬರುತ್ತೇನೆ. ಆಗಲೂ ಮನೆಯಲ್ಲಿ ಇರುವುದಿಲ್ಲವೋ ಏನೋ.

ಅರ್ಫಾ


ಮಾರಿಕಣಿವೆ
3 ಫೆಬ್ರವರಿ 2023

ಅರ್ಫಾ,

ಈ ಸಮಯದಲ್ಲಿ ಬಸ್ಸು ಹತ್ತಬೇಡ. ನಿನಗೆ ಕಾರಣ ಬೇಕೆಂದರೆ ಬರೆಯುತ್ತೇನೆ. ಓದಿ ಹರಿದುಹಾಕು. ಉಮರ್‌ಗೆ ಹೇಳಬೇಡ.

ನನಗೆ ಎಚ್‌ಐವಿ ಇದೆ. ಉಮರ್‌ನ ಅಬ್ಬಾ ಮುಜಾಹಿದ್ ಅದರಲ್ಲೇ ತೀರಿಕೊಂಡರು. ಅವರಿಗೆ ಎಲ್ಲಿಂದ ಬಂತು ಎಂದು ಕೇಳುವಷ್ಟರಲ್ಲಿ ಅವರಿಗೆ ಉತ್ತರ ಹೇಳುವ ಶಕ್ತಿ ಇರಲಿಲ್ಲ. ಅದೇ ಆಸ್ಪತ್ರೆಯಲ್ಲಿ ನನ್ನ ರಕ್ತ ತೆಗೆದರು. ಮಡಿಲಲ್ಲಿದ್ದ ಮಗುವಿನದೂ ತೆಗೆದರು. ಇಬ್ಬರದೂ ಪಾಸಿಟಿವ್ ಬಂತು. ಉಮರ್‌ಗೆ ಆಗ ಹಲ್ಲು ಬಂದಿರಲಿಲ್ಲ.

ಹೊಸದುರ್ಗದ ಮನೆಯಲ್ಲಿ ಯಾರೂ ಬೈಯಲಿಲ್ಲ. ನನ್ನ ತಟ್ಟೆ ಬೇರೆಯಾಯಿತು. ಮಗು ಅತ್ತರೆ ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ನಾನೇ ಅವನನ್ನು ಕರೆದುಕೊಂಡು ಇಲ್ಲಿಗೆ ಬಂದೆ. ನನ್ನ ಅಬ್ಬಾ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದವರು, ಅವರ ಮನೆ ಖಾಲಿ ಇತ್ತು.

ಚಿತ್ರದುರ್ಗದಲ್ಲಿ ಒಬ್ಬ ವಯಸ್ಸಾದ ಡಾಕ್ಟರಮ್ಮ ಇದ್ದರು. ಅವರ ಮುಂದೆ ಅತ್ತಾಗ ಅವರು ಹೇಳಿದ ಮಾತು ಇನ್ನೂ ಹಾಗೇ ನೆನಪಿದೆ. "ಈಗ್ಲೇ ಅಳಬ್ಯಾಡಮ್ಮ. ಹೊಟ್ಟೇಲಿದ್ದಾಗ್ಲೇ ತಾಯಿ ಮಗೀಗೆ ಬುತ್ತಿ ಕಟ್ಟಿ ಕಳಿಸ್ತಾಳೆ. ನಿನ್ ಮೈ ಯಾವ್ಯಾವ ಕಾಯಿಲೆ ಜೊತೆ ಬಡಿದಾಡೈತೋ ಅದಕ್ಕೆಲ್ಲ ಕಾವಲು ಕಟ್ಕಂಡಿರ್ತೈತೆ. ಆ ಕಾವಲು ಮಗೀಗೂ ಹೋಗ್ತೈತೆ. ದಡಾರದ್ದೂ ಹೋಗ್ತೈತೆ, ಇದರದ್ದೂ ಹೋಗ್ತೈತೆ. ಈ ಟೆಸ್ಟಿಗೆ ಕಾಣೋದು ಕಾವಲು, ಕಾಯಿಲೆ ಅಲ್ಲ. ಒಂದೂವರೆ ವರ್ಷಕ್ಕೆ ನಿನ್ ಬುತ್ತಿ ಖಾಲಿ ಆಗ್ತೈತೆ. ಆಗ ಮತ್ತೆ ನೋಡಾಣ. ಉಳಿದಿದ್ರೆ ಅವನದ್ದು, ಇಲ್ಲಾಂದ್ರೆ ಇಲ್ಲ."

ಮೊಲೆಹಾಲು ಬಿಡಿಸಿದರು. ಜಯಕ್ಕನ ಮೇಕೆಯ ಹಾಲು ಕಾಯಿಸಿ ಕುಡಿಸಿದೆ. ನನ್ನ ವಸಡಿನಲ್ಲಿ ರಕ್ತ ಬರುತ್ತಿತ್ತು, ಅಗಿದು ತಿನ್ನಿಸಬೇಡ ಎಂದಿದ್ದರು. ರೊಟ್ಟಿ ಹಾಲಲ್ಲಿ ನೆನೆಸಿ ಹಿಸುಕಿ ಕೊಡುತ್ತಿದ್ದೆ. ನಿನ್ನ ಖರ್ಜೂರ ಬೇಡ ಎಂದದ್ದು ಅದಕ್ಕೆ. ಈಗ ನನ್ನ ರಕ್ತದಲ್ಲಿ ಅದು ಕಾಣದಷ್ಟು ಕಡಿಮೆ ಎನ್ನುತ್ತಾರೆ. ಹಾಗಿದ್ದರೂ ನಾನು ಅಗಿದದ್ದನ್ನು ನಿನ್ನ ಮಗುವಿನ ಬಾಯಿಗೆ ಇಡಲಾರೆ.

ಮತ್ತೆ ಟೆಸ್ಟ್ ಮಾಡಿದಾಗ ಏನೂ ಬರಲಿಲ್ಲ. ಸರಿಯಾಗಿ ನೋಡಿ ಎಂದು ಕಾಲು ಹಿಡಿದೆ. ಇನ್ನೊಮ್ಮೆ ಮಾಡಿದರು, ಆಗಲೂ ಬರಲಿಲ್ಲ. ಮಗುವನ್ನು ಎತ್ತಿಕೊಂಡು ನೇರ ಹೊಸದುರ್ಗದ ಬಸ್ಸು ಹತ್ತಿದೆ. ಸಂತೋಷ ಹೇಳಲು ಹೋದೆ. ಅಣ್ಣನವರು ಅವನನ್ನು ಎತ್ತಿಕೊಂಡು ಅತ್ತರು, ತಮ್ಮನ ಮಗ ಉಳಿದನಲ್ಲ ಎಂದು. ಆಮೇಲೆ ಭಾಭಿ ನನ್ನನ್ನು ಹಿತ್ತಲಿಗೆ ಕರೆದು, "ನೀನು ಇನ್ನೆಷ್ಟು ದಿನ ಇರ್ತೀಯೋ ದಿಲ್ಶಾದ್. ನೀನು ಇರುವಾಗ್ಲೇ ಅವನು ನಮ್ಗೆ ಹೊಂದ್ಕಳ್ಲಿ" ಎಂದರು. ನನಗೂ ಸರಿ ಎನಿಸಿತು. ಆಗ ನಮ್ಮ ಕಡೆ ಇದಕ್ಕೆ ಮಾತ್ರೆ ಇರಲಿಲ್ಲ. ನಾನು ಸಾಯುತ್ತೇನೆ ಎಂದುಕೊಂಡು ಎಲ್ಲರೂ ಕೂತು ಎಲ್ಲವನ್ನೂ ಸರಿಮಾಡಿದೆವು. ಅಮ್ಮಿಗೆ ನಮ್ಮ ಜೊತೆ ಇರಲು ಇಷ್ಟವಿಲ್ಲ ಎಂದು ಅವನಿಗೆ ಹೇಳಿ ಎಂದವಳು ನಾನೇ. ಜನ ಅವನ ಕಡೆ ಬೆರಳು ತೋರಿಸುವುದಕ್ಕಿಂತ ಅವನು ನನ್ನ ಮೇಲೆ ಸಿಟ್ಟಾಗಿರಲಿ ಎಂದು.

ಆದರೆ ನಾನು ಸಾಯಲಿಲ್ಲ. ಮಾತ್ರೆ ಬಂತು. ವರ್ಷಗಳು ಹೋದವು. ಸತ್ತವರಿಗೆ ಎಂದು ಬಿಟ್ಟ ಜಾಗದಲ್ಲಿ ಬದುಕಿರುವವರು ಹೇಗೆ ಹೋಗಿ ಕೂರುವುದು?

ಅವನ ರಕ್ತದಲ್ಲಿ ನನ್ನದು ಇರುವವರೆಗೆ ಅವನು ನನ್ನ ಹತ್ತಿರ ಇದ್ದ. ಅದು ಹೋಗಲಿ ಎಂದು ದಿನಾ ದುವಾ ಮಾಡಿದವಳೂ ನಾನೇ.

ಹಸಿರು ದುಪಟ್ಟಾ ನೋಡಿದೆ. ಜನರ ಹಿಂದೆ ನಿಂತಿದ್ದೆ. ನೀನು ಚೆನ್ನಾಗಿ ನಗುತ್ತೀಯ.

ದಿಲ್ಶಾದ್ ಬೇಗಂ


ಮಾರಿಕಣಿವೆ
12 ಮಾರ್ಚ್ 2023

ಅರ್ಫಾಗೆ ದುವಾ.

ನಿನ್ನ ಉತ್ತರ ಬರಲಿಲ್ಲ. ಹೆದರಿಕೆಯಾಗಿರಬೇಕು. ತಪ್ಪಲ್ಲ. ನಾನೇ ಇನ್ನೂ ಸ್ವಲ್ಪ ಬರೆಯಬೇಕಿತ್ತು.

ಉಮರ್‌ಗೆ ಏನೂ ಇಲ್ಲ. ಆ ಬುತ್ತಿ ಖಾಲಿಯಾದ ಮೇಲೆ ಅದು ಮತ್ತೆ ಬರುವುದಿಲ್ಲ. ಅವನಿಂದ ನಿನಗಾಗಲಿ, ನಿನ್ನಿಂದ ಮಗುವಿಗಾಗಲಿ ನನ್ನದು ಏನೂ ಬರುವುದಿಲ್ಲ. ಮದುವೆಯ ದಿನ ಕೊಟ್ಟ ಬಳೆ ಹೊಸವು, ಅಂಗಡಿಯವನು ಕಟ್ಟಿದ ಡಬ್ಬಿಯನ್ನೂ ನಾನು ಬಿಚ್ಚಿರಲಿಲ್ಲ. ಬೇಕಿದ್ದರೆ ತೊಳೆದು ಹಾಕಿಕೋ. ಮುಟ್ಟಿದರೆ ಬರುವುದಲ್ಲ ಇದು. ಕಾಗದದಿಂದಲೂ ಬರುವುದಿಲ್ಲ.

ನೀನು ಬರೆಯದಿದ್ದರೂ ಸರಿ. ಆರೋಗ್ಯವಾಗಿದ್ದೀಯ ಎಂದು ಗೊತ್ತಾದರೆ ಸಾಕು.

ದಿಲ್ಶಾದ್ ಬೇಗಂ


ಮಾರಿಕಣಿವೆ
30 ಏಪ್ರಿಲ್ 2023

ಅರ್ಫಾ,

ಈ ಈದ್‌ಗೆ ಉಮರ್ ಬರಲಿಲ್ಲ. ಪ್ರತಿ ವರ್ಷ ಬಾಗಿಲವರೆಗಾದರೂ ಬರುತ್ತಿದ್ದ. ಸಂಜೆಯ ಅಸರ್ ನಮಾಜಿನವರೆಗೆ ದಾರಿ ನೋಡಿದೆ. ಜಯಕ್ಕ ಬಂದು "ಬಸ್ಸು ಕೆಟ್ಟಿರ್ಬೇಕು ಬಿಡ್ರಿ ಬೂಬಮ್ಮ" ಎಂದಳು. ಅವನು ಬೈಕಿನಲ್ಲಿ ಬರುವುದು ಅವಳಿಗೂ ಗೊತ್ತು.

ನೀನು ಅವನಿಗೆ ಹೇಳಿರಬೇಕು. ಹೇಳಬೇಡ ಎಂದಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ. ನಾನು ಬರೆಯಬಾರದಿತ್ತು.

ಇನ್ನು ನಾನು ಬರೆಯುವುದಿಲ್ಲ.

ದಿಲ್ಶಾದ್ ಬೇಗಂ


ಹೊಸದುರ್ಗ
9 ಮೇ 2023

ಅಮ್ಮಿ,

ನಾನು ಬರೆಯದೇ ಇದ್ದದ್ದಕ್ಕೆ ನಿಮ್ಮ ಹತ್ತಿರ ಕ್ಷಮೆ ಕೇಳುವ ಮುಖವೂ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಿಮ್ಮ ಕಾಗದ ಓದಿದ ದಿನ ನಾನು ಹೆದರಿದೆ. ಹತ್ತನೇ ಕ್ಲಾಸಿನಲ್ಲಿ ಆಂಟಿಬಾಡಿ ಬಗ್ಗೆ ಐದು ಮಾರ್ಕಿನ ಉತ್ತರ ಬರೆದು ಐದೂ ತೆಗೆದುಕೊಂಡವಳು ನಾನು. ಆದರೂ ಆ ರಾತ್ರಿ ಉಮರ್ ಕುಡಿದಿಟ್ಟ ಲೋಟವನ್ನು ಸೋಪು ಹಾಕಿ ತೊಳೆದೆ. ತೊಳೆದ ಮೇಲೆ ನಾಚಿಕೆಯಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ರಕ್ತ ಪರೀಕ್ಷೆಗೆ ಮುಂಚೆ ಮಾತಾಡಿಸುವ ಮೀನಾಕ್ಷಿ ಮೇಡಂ ಇದ್ದಾರೆ. ನನ್ನ ಪರೀಕ್ಷೆ ಮೊದಲೇ ಆಗಿತ್ತು, ಏನೂ ಇರಲಿಲ್ಲ. ಗಂಡಂದಿರದೂ ಮಾಡುತ್ತಾರಂತೆ ಎಂದು ಸುಳ್ಳುಸುಳ್ಳೇ ಕಾರಣ ಹೇಳಿ ಉಮರ್ ಅವರನ್ನೂ ಕರೆದುಕೊಂಡು ಹೋದೆ. ಅವರದೂ ನೆಗೆಟಿವ್. ಮೀನಾಕ್ಷಿ ಮೇಡಂ ನಿಮ್ಮ ಡಾಕ್ಟರಮ್ಮ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಈಗ ಅಷ್ಟು ದಿನ ಕಾಯಬೇಕಾಗಿಲ್ಲವಂತೆ. ಹುಟ್ಟಿದ ಒಂದೂವರೆ ತಿಂಗಳಿಗೇ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು, ಕಾವಲನ್ನು ಬಿಟ್ಟು ವೈರಸ್ಸನ್ನೇ ಹುಡುಕುತ್ತಾರಂತೆ. ತಾಯಿಗೆ ಬಸುರಿನಲ್ಲೇ ಮಾತ್ರೆ ಕೊಟ್ಟರೆ ಮಗುವಿಗೆ ಹೋಗುವುದೇ ಅಪರೂಪವಂತೆ. ಆಗ ಇದೆಲ್ಲ ಇದ್ದಿದ್ದರೆ ಎಂದು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಉಮರ್ ನನಗೆ ನೀರು ತಂದುಕೊಟ್ಟು ಬೈಕ್ ತರಲು ಹೋದರು.

ಅವರಿಗೆ ಹೇಳಬೇಡ ಎಂದಿದ್ದಿರಿ. ಹೇಳದೆ ಅವರ ಜೊತೆ ಇರುವುದು, ಹೇಳದೆ ನಿಮಗೆ ಬರೆಯುವುದು, ಎರಡೂ ಆಗಲಿಲ್ಲ. ಪೆನ್ನು ಹಿಡಿದರೆ ಏನು ಬರೆದರೂ ನಾಟಕವೆನಿಸುತ್ತಿತ್ತು. ನನ್ನ ಬಾಯಿಗೆ ಬೀಗ ಹಾಕಿದ್ದು ಈ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಸುರಿನ ಸುಸ್ತು ಎಂದುಕೊಂಡರು.

ಈದ್ ದಿನ ಉಮರ್ ಹೊಸ ಬಟ್ಟೆ ಹಾಕಿ ಬೈಕಿನ ಕೀ ತೆಗೆದುಕೊಂಡು, "ಬಾಗಿಲಲ್ಲೇ ಮಾತಾಡಿ ಬಂದ್ಬಿಡ್ತೀನಿ" ಎಂದರು. ಆ ಮಾತು ನನಗೆ ತಡೆಯಲಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ಅವರು ಕೀಯನ್ನು ಮೊಳೆಗೆ ಹಾಕಿ, ಬಡೇ ಅಬ್ಬಾ ಮುಂದೆ ಹೋಗಿ ನಿಂತರು.

"ಹೌದಾ?" ಎಂದು ಒಂದೇ ಮಾತು ಕೇಳಿದರು.

ಬಡೇ ಅಬ್ಬಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಸತ್ತು ಹೋಗ್ತಾಳೆ ಅಂತ ತಿಳ್ಕಂಡಿದ್ವಲೇ. ಡಾಕ್ಟ್ರೂ ಹಂಗೇ ಅಂದಿದ್ರು."

"ಸಾಯ್ಲಿಲ್ವಲ್ಲ."

"ಇಲ್ಲ."

ಬಡೀ ಅಮ್ಮಿ ಬಾಗಿಲ ಹತ್ತಿರ ನಿಂತು ಹೇಳಿದರು: "ಈ ವರ್ಷ ಕರಿಯಾಣ ಅಂದ್ವಿ, ಮುಂದಿನ ವರ್ಷ ಕರಿಯಾಣ ಅಂದ್ವಿ. ಆಮೇಲೆ ಕರಿಯಾಕೆ ಮುಖ ಇರ್ಲಿಲ್ಲಪ್ಪ. ನಿನ್ನ ಕೊಟ್ಬಿಡಬೇಕಾಗ್ತದೆ ಅಂತ ನಂಗೂ ಭಯ ಇತ್ತು." ಅವರು ಅಳುವುದನ್ನು ನಾನು ಅಂದೇ ನೋಡಿದ್ದು. ಅವರಿಗೆ ಬೇರೆ ಮಕ್ಕಳಿಲ್ಲವಲ್ಲ.

ಉಮರ್ ಅವತ್ತು ಎಲ್ಲಿಗೂ ಹೋಗಲಿಲ್ಲ. ಅಂಗಡಿ ಬಾಗಿಲು ಎಳೆದುಕೊಂಡು ಒಳಗೆ ಹತ್ತಿ ಹಿಂಜುತ್ತ ಕೂತರು. ಇಂದಿಗೂ ಅದೇ. ಅವರು ನಿಮ್ಮ ಮೇಲೆ ಸಿಟ್ಟಾಗಿ ಬಾರದೇ ಇದ್ದದ್ದಲ್ಲ, ಹೇಗೆ ಬರಬೇಕು ಎಂದು ತಿಳಿಯದೆ. ನಿನ್ನೆ ಮಾತ್ರ ಊಟದ ನಡುವೆ ಇದ್ದಕ್ಕಿದ್ದಂತೆ ಕೇಳಿದರು: "ನಂಗೆ ಅಮ್ಮಿ ಹಾಲು ಕೊಟ್ಟಿದ್ರಂತಾ?"

ಅಮ್ಮಿಯನ್ನೇ ಕೇಳುತ್ತೇನೆ ಎಂದೆ. ನೀವು ಹೇಳಿ.

ಅರ್ಫಾ


ಮಾರಿಕಣಿವೆ
24 ಮೇ 2023

ಅರ್ಫಾಗೆ ದುವಾ.

ಕೊಟ್ಟಿದ್ದೇನೆ ಎಂದು ಹೇಳು. ರಿಪೋರ್ಟ್ ಬರುವವರೆಗೆ. ಆ ಹಾಲಿನಿಂದಲೂ ಬರಬಹುದಿತ್ತು ಎಂದು ಆಮೇಲೆ ತಿಳಿಯಿತು. ಅದನ್ನು ಅವನಿಗೆ ಹೇಳಬೇಡ. ಬಿಡಿಸಿದ ಮೇಲೆ ಎಷ್ಟೋ ದಿನ ಅವನು ನನ್ನ ಸೆರಗು ಹಿಡಿದು ಎಳೆಯುತ್ತಿದ್ದ. ನಾನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದೆ. ಇದನ್ನೂ ಹೇಳಬೇಡ.

ಭಾಭಿಗೆ ಏನೂ ಅನ್ನಬೇಡಿ. ಅವರು ಸಾಕದೇ ಇದ್ದರೆ ಅವನು ಇಷ್ಟು ಒಳ್ಳೆಯವನಾಗುತ್ತಿರಲಿಲ್ಲ.

ಅವನನ್ನು ಇಲ್ಲಿಗೆ ಕಳಿಸಬೇಡ. ನೀನು ಹೇಳಿದೆ ಎಂದು ಬಂದರೆ ನನಗೆ ತಿಳಿಯುತ್ತದೆ.

ದಿಲ್ಶಾದ್ ಬೇಗಂ


ಹೊಳಲ್ಕೆರೆ
24 ಜುಲೈ 2023

ಅಮ್ಮಿ,

ನಿಮಗೆ ಮೊಮ್ಮಗಳು. ಮದೀಹಾ ಎಂದು ಹೆಸರಿಟ್ಟಿದ್ದೇವೆ. ಹೆರಿಗೆಗೆ ತವರಿಗೆ ಬಂದವಳು ಇನ್ನೂ ಇಲ್ಲೇ ಇದ್ದೇನೆ, ನಲವತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಉಮರ್ ಬಂದು ಮಗುವಿನ ಕಿವಿಯಲ್ಲಿ ಅಜಾನ್ ಹೇಳಿದರು. ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಹನೀಕ್ ಮಾಡಲಿಲ್ಲ. ಆಸ್ಪತ್ರೆಯಲ್ಲಿ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಬಾಯಿಗೆ ಮುಟ್ಟಿಸಬೇಡಿ, ಜೇನೂ ಬೇಡ, ಖರ್ಜೂರವೂ ಬೇಡ ಎಂದರು. ಬೇರೆಯವರಿಗೂ ಕೊಡಲಿಲ್ಲ ಅಮ್ಮಿ, ನಿಮಗೊಬ್ಬರಿಗೆ ತಪ್ಪಿದ್ದಲ್ಲ.

ಈಗ ನನಗೆ ನಿಮ್ಮಿಂದ ನಿಜವಾಗಿ ಬೇಕಾದದ್ದು ಬೇರೆ. ನನ್ನ ತಾಯಿಗೆ ಮಂಡಿನೋವು, ನೆಲಕ್ಕೆ ಕೂತು ಕಾಲ ಮೇಲೆ ಮಗುವನ್ನು ಹಾಕಿಕೊಂಡು ನೀರೆರೆಯಲು ಆಗುವುದಿಲ್ಲ. ನನಗೆ ಬರುವುದಿಲ್ಲ, ಮಗು ಜಾರೀತೆಂದು ಹೆದರಿಕೆ. ಬಂದು ಎರೆದುಕೊಡುತ್ತೀರಾ? ಹೇಗಿದ್ದರೂ ಈಗ ಹೆಂಗಸರಿಗೆ ಬಸ್ಸು ಫ್ರೀ. ಉಮರ್ ಪಕ್ಕದಲ್ಲೇ ಕೂತಿದ್ದಾರೆ. ಏನು ಬರೆಯಲಿ ಎಂದೆ. "ಬರ್ತಾರೇನು ಕೇಳು" ಎಂದರು. ಇದು ನಾನು ಹೇಳಿಸಿದ್ದಲ್ಲ.

ಆಗಸ್ಟ್ ಹದಿಮೂರು, ಭಾನುವಾರ. ಅವರು ಬೆಳಿಗ್ಗೆಯಿಂದ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಾರೆ.

ಅರ್ಫಾ


ಮಾರಿಕಣಿವೆ
16 ಆಗಸ್ಟ್ 2023

ಅರ್ಫಾಗೆ ದುವಾ.

ನಾನು ಬಂದಿದ್ದೆ. ಹಿರಿಯೂರಿನಲ್ಲಿ, ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಬಂದೆ. ಬಸ್ಸಿನ ತುಂಬ ಹೆಂಗಸರು, ನಿಂತೇ ಬಂದೆ. ಮಾತ್ರೆ, ಎರಡು ಸೀರೆ, ಮಗುವಿಗೆ ಹೊಲಿದ ಜುಬ್ಬಾ ಚೀಲದಲ್ಲಿದ್ದವು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ.

ಉಮರ್ ನಿಂತಿದ್ದ. ಬಿಳಿ ಅಂಗಿ. ನನ್ನ ಕಡೆ ನೋಡಿದ. ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ. ಹತ್ತಿರ ಬರಲಿಲ್ಲ.

ನೋಡಿಯೂ ಬರಲಿಲ್ಲವೆಂದರೆ ಮನಸ್ಸು ಇನ್ನೂ ಒಪ್ಪಿಲ್ಲ. ಬಲವಂತ ಬೇಡ ಎಂದು ವಾಪಸ್ಸು ಬಸ್ಸು ಹತ್ತಿದೆ. ಅವನದು ತಪ್ಪಲ್ಲ. ಅವನನ್ನು ಏನೂ ಕೇಳಬೇಡ. ಜುಬ್ಬಾವನ್ನು ಪೋಸ್ಟಿನಲ್ಲಿ ಕಳಿಸುತ್ತೇನೆ.

ನೀರೆರೆಯುವಾಗ ಮಗುವಿನ ತಲೆ ನಿನ್ನ ಪಾದದ ಕಡೆಗಿರಲಿ. ಹೆದರಬೇಡ, ಕೈ ತಾನಾಗಿ ಕಲಿಯುತ್ತದೆ.

ದಿಲ್ಶಾದ್ ಬೇಗಂ


ಹೊಳಲ್ಕೆರೆ
3 ಸೆಪ್ಟೆಂಬರ್ 2023

ಅಮ್ಮಿ,

ನಿಮ್ಮ ಕಾಗದವನ್ನು ನಾನು ಉಮರ್ ಕೈಗೇ ಕೊಟ್ಟೆ. ಕೇಳಬೇಡ ಎಂದಿದ್ದಿರಿ, ಹೇಳಬೇಡ ಎಂದಿದ್ದಿರಿ. ನಮ್ಮ ಮನೆಯಲ್ಲಿ ಬೇಡಗಳು ಬಹಳವಾದವು.

ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ಬುರ್ಖಾ ಹಾಕಿ ಮುಖ ಮುಚ್ಕಂಡೋರು ಬಾಳ ಜನ ಇಳಿದ್ರು. ಒಬ್ರು ಕಟ್ಟೆ ಮೇಲೆ ಚೀಲ ಅವುಚ್ಕಂಡು ಕುಂತಿದ್ರು. ಎರಡು ಸಲ ನೋಡ್ದೆ. ಅಮ್ಮಿ ಆಗಿದ್ರೆ ನನ್ ನೋಡಿ ಎದ್ದು ಬರ್ತಿದ್ರಲ್ಲ ಅಂತ ಸುಮ್ನಾದೆ." ಕೊನೆಯ ಬಸ್ಸು ಹೋಗುವವರೆಗೆ ಅಲ್ಲೇ ನಿಂತಿದ್ದು ಮನೆಗೆ ಬಂದು, "ಬರ್ಲಿಲ್ಲ" ಎಂದಿದ್ದರು. ನಾನು ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಅಮ್ಮಿ, ನೀವು ಬಾಗಿಲಲ್ಲಿ ನಿಂತದ್ದನ್ನು ಮಾತ್ರ ಅವರು ನೋಡಿದ್ದಾರೆ. ಕೂತರೆ ನೀವು ಹೇಗೆ ಕಾಣುತ್ತೀರಿ ಎಂದು ಅವರಿಗೆ ಗೊತ್ತಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದು ಅವರೇ ಕೇಳಿದರು, "ಬರ್ದಾಯ್ತಾ, ಕೊಡು" ಎಂದು. ಹಾಗಾಗಿ ಇದು ನಿಮ್ಮ ಕೈಯಲ್ಲಿದೆ ಎಂದರೆ ಅವರು ನಿಮ್ಮ ಎದುರಿಗಿದ್ದಾರೆ. ಓದಿ ಮುಗಿಸಲಿ ಎಂದು ಹೊಸ್ತಿಲಾಚೆ ಚಪ್ಪಲಿ ಬಿಡದೆ ಕಾಯುತ್ತಿರುತ್ತಾರೆ. ನೀವು ಏನೂ ಹೇಳದಿದ್ದರೆ ಸಂಜೆಯವರೆಗೂ ಹಾಗೇ ನಿಲ್ಲುವ ಮನುಷ್ಯ. ಮೊದಲು ಒಳಗೆ ಕರೆದು ಕೂರಿಸಿ. ನೀವೂ ಕೂತುಕೊಳ್ಳಿ.

ಉಳಿದದ್ದನ್ನು ಆಮೇಲೆ ಓದಿಕೊಳ್ಳುವಿರಂತೆ.